ಏಳು ಗಂಟೆಯ ಗುಳಿಗೆ

ಅವತ್ತು ಗುರುವಾರ. ನಾಲ್ಕೂವರೆಗೆ ಎದ್ದೆ. ಬಚ್ಚಲ ಒಲೆಗೆ ಕಬ್ಬಿನ ಒಣಗಿದ ರವದಿ ತುರುಕಿ ನೀರು ಕಾಸಿದೆ. ಅಂಗಳ ಗುಡಿಸಿದೆ. ಎಮ್ಮೆ ಹಿಂಡಿ ಡೇರಿಯ ಕ್ಯಾನನ್ನು ಕಟ್ಟೆಯ ಮೇಲಿಟ್ಟೆ. ಮನೆಯವರು ಹೊಲಕ್ಕೆ ಒಯ್ಯಲು ಆರು, ನಮ್ಮ ದಾರಿಗೆ ನಾಲ್ಕು, ಹೀಗೆ ಹತ್ತು ರೊಟ್ಟಿ ಬಡಿದೆ. ಹೆಸರುಕಾಳಿನ ಪಲ್ಯ ಮಾಡಿದೆ. ಕುದಿಸಿ ಆರಿಸಿದ ನೀರಿಗೆ ಭೇದಿಗೆ ಕೊಡುವ ಪುಡಿ ಕಲಸಿ ಬಾಟಲಿಗೆ ತುಂಬಿದೆ. ಕೂಸಿನ ನಾಲ್ಕು ಚಡ್ಡಿ, ಹಳೆಯ ಧೋತರದ ಎರಡು ತುಂಡು, ಒಂದು ಸಾಬೂನಿನ ಚೂರು ಕೈಚೀಲಕ್ಕೆ ಹಾಕಿದೆ. ಸೊಸೆಯ ಫೋನಿನಲ್ಲಿ ಏಳು ಗಂಟೆಗೆ ಬಾರಿಸುವ ಅಲಾರಂ ಬಂದ್ ಮಾಡಿಸಿದೆ, ನಿಜವಾಗಿ ಬಂದ್ ಆಗಿದೆಯೇ ಎಂದು ಎರಡು ಸಲ ನೋಡಿದೆ. ಗುಳಿಗೆಯ ಡಬ್ಬಿಯನ್ನು ಟ್ರಂಕಿಗೆ ಹಾಕಿ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಮೇಲೆ ಮೊಮ್ಮಗಳನ್ನು ಎಬ್ಬಿಸಿದೆ.

ಮೂಡಲಗಿಯಿಂದ ಗೋಕಾಕಕ್ಕೆ ಒಂದೇ ಕೆಲಸಕ್ಕೆ ಆ ವಾರ ಅದು ನಮ್ಮ ಮೂರನೆಯ ಪ್ರಯಾಣ. ಕೆಲಸ ಇಷ್ಟೇ: ಮೊಮ್ಮಗಳು ಬೆಳಗಿನ ಗುಳಿಗೆ ನುಂಗುವ ಮೊದಲು ಅವಳ ತೋಳಿನಿಂದ ಒಂದು ಸಣ್ಣ ಬಾಟಲಿಯಷ್ಟು ರಕ್ತ ತೆಗೆಸಬೇಕು. ಹೇಳಲು ಅರ್ಧ ನಿಮಿಷ ಸಾಕಾಗುವ ಆ ಕೆಲಸ ಸೋಮವಾರದಿಂದ ಆಗಿರಲಿಲ್ಲ. ತಡವಾದಷ್ಟೂ ಅವಳ ಮೂತ್ರಪಿಂಡಕ್ಕೆ ಅಪಾಯ ಎಂಬುದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದವರೇ ಒಬ್ಬರಾದ ಮೇಲೆ ಒಬ್ಬರು ಕೆಡಿಸುತ್ತಿದ್ದೆವು.

ಮೊಮ್ಮಗಳಿಗೆ ನಾಲ್ಕು ವರ್ಷ. ನನ್ನ ಮಗನ ಮಗಳು. ಮಗನಿಗೆ ಸಂಕೇಶ್ವರದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ವಾರಕ್ಕೊಮ್ಮೆ ಬರುತ್ತಾನೆ. ಕೂಸಿನ ಔಷಧ, ದವಾಖಾನೆ ಎಲ್ಲ ನನ್ನ ಮತ್ತು ಸೊಸೆಯ ಪಾಲು. ಒಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳ ಕಣ್ಣ ರೆಪ್ಪೆ ಬಾತಿದ್ದವು. ಸೊಳ್ಳೆ ಕಡಿದಿರಬೇಕು ಎಂದು ಸುಮ್ಮನಾದೆವು. ಮೂರನೆಯ ದಿನ ಕಾಲೂ ಬಾತು, ಹೊಟ್ಟೆ ಡೊಳ್ಳಿನ ಹಾಗೆ ಬಿಗಿಯಿತು. ಮೂತ್ರಪಿಂಡದ ಜಾಲರಿ ಸಡಿಲಾಗಿ ರಕ್ತದ ಸತ್ವವೆಲ್ಲ ಮೂತ್ರದಲ್ಲಿ ಸೋರಿಹೋಗುವ ಬೇನೆ ಎಂದು ಗೋಕಾಕದ ಮಕ್ಕಳ ಡಾಕ್ಟರಮ್ಮ, ನಾವೆಲ್ಲ ಬಾಯಾರು ಎನ್ನುವವರು, ಹೇಳಿದರು. ಮೊದಲು ಕೊಟ್ಟ ಔಷಧಕ್ಕೆ ಅದು ಬಗ್ಗಲಿಲ್ಲ. ಆಮೇಲೆ ಈ ಬಿಳಿ ಕ್ಯಾಪ್ಸೂಲು ಬಂತು. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ. ಈ ಗುಳಿಗೆಯ ಗುಣವೇ ವಿಚಿತ್ರ. ಕಡಿಮೆಯಾದರೆ ಬಾವು ತಿರುಗಿ ಬರುತ್ತದೆ, ಹೆಚ್ಚಾದರೆ ಯಾವ ಮೂತ್ರಪಿಂಡ ಕಾಯಲು ಕೊಟ್ಟದ್ದೋ ಅದನ್ನೇ ಕೆಡಿಸುತ್ತದೆ.

ಶುರುವಿನಲ್ಲಿ ಒಮ್ಮೆ ಮದುವೆಯ ಗಡಿಬಿಡಿಯಲ್ಲಿ ಎರಡು ದಿನ ಗುಳಿಗೆ ತಪ್ಪಿಹೋಗಿ ಬಾವು ಬಂದಿತ್ತು. ಅಂದಿನಿಂದ ನಾನು ಒಂದು ಕಟ್ಟಳೆ ಮಾಡಿದೆ. ಏಳು ಗಂಟೆಗೆ ಕೂಸಿನ ಹತ್ತಿರ ಯಾರಿರುತ್ತಾರೋ ಅವರು ಕೊಡಬೇಕು, ಯಾರನ್ನೂ ಕೇಳುತ್ತ ಕೂರಬಾರದು, ಕೊಟ್ಟ ಕೂಡಲೇ ಗೋಡೆಯ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಒಂದು ಗೀಟು ಎಳೆಯಬೇಕು. ಸೊಸೆಯ ತವರು ಹುಕ್ಕೇರಿಯ ಹತ್ತಿರದ ಹಳ್ಳಿ. ಅಲ್ಲಿಯೂ ಅಂಥದೇ ಒಂದು ಕ್ಯಾಲೆಂಡರು ತೂಗುಹಾಕಿಸಿದೆ. ಅಲ್ಲಿಂದ ಬರುವಾಗ ಸೊಸೆ ಆ ಹಾಳೆ ಹರಿದು ತರುತ್ತಿದ್ದಳು, ನಾನು ನನ್ನ ಕ್ಯಾಲೆಂಡರಿಗೆ ಇಳಿಸಿಕೊಳ್ಳುತ್ತಿದ್ದೆ. ಬೀಗರು, ಅಂದರೆ ಸೊಸೆಯ ತಂದೆ, ಕುರಿ ಕಾಯುವವರು, ತಮಾಷೆಯ ಮನುಷ್ಯ. "ಬೀಗ್ತಿಯವರ, ನಿಮ್ಮ ಕ್ಯಾಲೆಂಡರ್ ನೋಡಿದರ ನನ್ನ ಟಗರ ಸುದ್ದಾ ಸಾಲಾಗಿ ನಿಂದರತೈತಿ" ಎನ್ನುತ್ತಿದ್ದರು. ಆದರೆ ಗೀಟು ತಪ್ಪಿಸಿದವರಲ್ಲ.

ಔಷಧದಂಗಡಿಯಲ್ಲಿ ತಿಂಗಳಿಗೊಮ್ಮೆ ಬೇರೆಯದೇ ರಗಳೆ. ಚೀಟಿ ನೋಡಿ ಅಂಗಡಿಯವನು ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಿದ್ದ. "ಆಯಿ, ಇದು ಯಾರಿಗ್ರಿ? ನಾಲ್ಕ ವರ್ಷದ ಕೂಸಿಗೆ? ದೊಡ್ಡವರೂ ಇಷ್ಟು ತಗೊಳ್ಳೂದಿಲ್ಲ." ಪ್ರತಿ ತಿಂಗಳೂ ಇದೇ ಮಾತು. ಪ್ರತಿ ತಿಂಗಳೂ ನಾನು, "ಡಾಕ್ಟರ್ ಬರದಾರ, ಕೊಡಪಾ" ಎನ್ನುವುದು, ಆಮೇಲೆ ದಾರಿಯುದ್ದಕ್ಕೂ ಚೀಟಿ ತಿರುವಿ ತಿರುವಿ ನೋಡುವುದು. ಹದಿನಾಲ್ಕು ಕಿಲೋದ ಜೀವಕ್ಕೆ ದೊಡ್ಡವರ ಪಾಲಿನಷ್ಟು ಯಾಕೆ ಎಂದು ಡಾಕ್ಟರನ್ನು ಕೇಳಬೇಕು ಅಂದುಕೊಂಡೇ ಹೋಗುತ್ತಿದ್ದೆ. ಅಲ್ಲಿ ನಮ್ಮ ಹಿಂದೆ ಮೂವತ್ತು ಮಂದಿ ಕೂತಿರುತ್ತಿದ್ದರು. ಕೇಳದೆ ಬರುತ್ತಿದ್ದೆ.

ಹಿಂದಿನ ವಾರ ಸೊಸೆ ಕೂಸನ್ನು ಕರೆದುಕೊಂಡು ತವರಿಗೆ ಹೋಗಿದ್ದಳು, ಅವಳ ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುವುದಿತ್ತು. ಎರಡನೆಯ ದಿನ ಬೆಳಿಗ್ಗೆ ಬೀಗರ ಫೋನು. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ಹಿಟ್ಟು, ಫೋನು ಕಿವಿಗೂ ಭುಜಕ್ಕೂ ನಡುವೆ.

"ಬೀಗ್ತಿಯವರ, ಕೂಸಿಗೆ ರಾತ್ರಿಯಿಂದ ಹೊಟ್ಟಿ ಜಾಡಿಸಿ ಜುಲಾಬ ಹತ್ತೈತಿ. ಏಳಕ್ಕ ಗುಳಗಿ ಕೊಟ್ಟಿವಿ, ಎಂಟು ಹೊಡಿಯೂದ್ರಾಗ ಎಲ್ಲಾ ಹೊರಗ. ಗುಳಗಿ ಒಳಗ ಉಳದಿರತೈತೇನ್ರಿ?"

"ಎಲ್ಲಿ ಉಳೀತೈತ್ರಿ" ಎಂದೆ.

"ನಾವು ಮರಿಗೆ ಜಂತಿನ ಔಷಧ ಕುಡಿಸಿದ ಮ್ಯಾಲ ಮರಿಗೆ ಜುಲಾಬ ಆದರ ಮತ್ತೊಮ್ಮಿ ಕುಡಸ್ತೇವಿ. ಇಲ್ಲಂದರ ಕುಡಿಸಿದ್ದು ದಂಡ ಆಗತೈತಿ. ಇದಕ್ಕೂ ಹಂಗ ಮಾಡಿದರ ಹೆಂಗ?"

ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು. ಅವರ ಮಾತು ನನಗೆ ಸರಿಯಾಗಿಯೇ ಕಂಡಿತು. ಸೋರಿದ್ದನ್ನು ತುಂಬಬೇಕು, ಅದರಲ್ಲೇನಿದೆ ಎನ್ನಿಸಿತು. "ಹೂಂ, ಕೊಡ್ರಿ. ಒಟ್ಟ ತಪ್ಪಬಾರದು, ಅಷ್ಟ" ಎಂದೆ.

ಭಾನುವಾರ ಸೊಸೆ ಕೂಸನ್ನು ಕರೆದುಕೊಂಡು ಮೂಡಲಗಿಗೆ ಬಂದಳು. ಭೇದಿ ಇನ್ನೂ ನಿಂತಿರಲಿಲ್ಲ. ಕೂಸಿನ ಕಣ್ಣು ಒಳಗೆ ಹೋಗಿದ್ದವು. ಮಧ್ಯಾಹ್ನ ಮಜ್ಜಿಗೆಯ ಲೋಟ ಕೈಗೆ ಕೊಟ್ಟೆ. ಲೋಟ ಬಾಯಿಗೆ ಹೋಗುವ ಮೊದಲೇ ಅರ್ಧ ಮಜ್ಜಿಗೆ ಲಂಗದ ಮೇಲೆ ಚೆಲ್ಲಿತ್ತು. ನೋಡಿದರೆ ಎರಡೂ ಕೈ ನಡುಗುತ್ತಿವೆ, ಚಳಿಯಲ್ಲಿ ನಿಂತವರ ಹಾಗೆ. ಆಗ ಕಡುಬೇಸಿಗೆ. ನಾನು ಸೊಸೆಯ ಚೀಲದಿಂದ ಕ್ಯಾಲೆಂಡರಿನ ಹಾಳೆ ತೆಗೆದೆ. ದಿನಕ್ಕೆ ಎರಡು ಗೀಟು ಇರಬೇಕಾದ ಮನೆಗಳಲ್ಲಿ ಮೂರು, ಒಂದರಲ್ಲಿ ನಾಲ್ಕು. ಒಂದೇ ಒಂದು ಸಲ ಎಂದುಕೊಂಡು ನಾನು ಹೂಂ ಅಂದಿದ್ದೆ. ಬೀಗರ ಮನೆಯವರು ಅದನ್ನೇ ಕಟ್ಟಳೆ ಮಾಡಿಕೊಂಡಿದ್ದರು. ಎಲ್ಲ ಪ್ರಾಮಾಣಿಕವಾಗಿ ಬರೆದಿಟ್ಟಿದ್ದರು.

ಸೋಮವಾರ ಆರೂವರೆಯ ಬಸ್ಸಿಗೆ ಗೋಕಾಕಕ್ಕೆ ಹೊರಟೆವು. ಅರಭಾವಿಗೆ ಹೋಗುವ ಕಾಲೇಜು ಹುಡುಗರಿಂದ ಬಸ್ಸು ಕಿಕ್ಕಿರಿದಿತ್ತು. ಸೊಸೆಗೂ ಕೂಸಿಗೂ ಹಿಂದೆ ಒಂದು ಸೀಟು ಸಿಕ್ಕಿತು, ನಾನು ಮುಂದೆ ಕಂಬಿ ಹಿಡಿದು ನಿಂತಿದ್ದೆ. ಭೇದಿಯಾಗಿದೆ ಎಂದು ಭಾನುವಾರ ಸಂಜೆ ಫೋನು ಮಾಡಿದಾಗ ದವಾಖಾನೆಯವರು, ಗುಳಿಗೆಯ ಮೊದಲು ರಕ್ತ ತೆಗೆಸಿದರೆ ರಕ್ತದಲ್ಲಿ ಔಷಧದ ಪ್ರಮಾಣ ಸರಿಯಾಗಿ ತಿಳಿಯುತ್ತದೆ ಎಂದು ಹೇಳಿದ್ದರು. ಸೊಸೆಗೆ ನಾನು ಹೇಳಿಯೂ ಇದ್ದೆ. ಏಳಕ್ಕೆ ಹಿಂದೆ ಅಲಾರಂ ಬಾರಿಸಿತು. ನಾನು ಕೊರಳು ಚಾಚಿ ನೋಡುವಷ್ಟರಲ್ಲಿ ಕೂಸು ಬಾಯಿ ತೆರೆದಿತ್ತು, ಸೊಸೆ ಗುಳಿಗೆ ಹಾಕಿ ನೀರಿನ ಬಾಟಲಿ ಎತ್ತಿದ್ದಳು. ನಡುವೆ ಇಪ್ಪತ್ತು ಮಂದಿ.

ಇಳಿದ ಮೇಲೆ, "ಏನ ಮಾಡಿದಿ?" ಎಂದೆ.

"ಅತ್ತಿ, ಅಲಾರಂ ಹೊಡೀತು. ಕೈ ತಾನಾಗೇ ಹೋತು."

"ಕೈಗೆ ತಲಿ ಇಲ್ಲೇನ ನಿಂದು?"

ಅವಳು ಬಾಟಲಿಯ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿದಳು. ಆ ಕೈಗೆ ಆ ರೂಢಿ ಹಾಕಿದವಳು ನಾನೇ ಎಂಬುದು ಆಗ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳುತ್ತಿರಲಿಲ್ಲವೇನೋ, ಅಷ್ಟು ಸಿಟ್ಟು ಬಂದಿತ್ತು. ಡಾಕ್ಟರ್ ಬಾಯಿಯವರು ಕೂಸನ್ನು ನೋಡಿದರು. ಅದು ನನ್ನ ಹೆಗಲ ಮೇಲೆ ನಿದ್ದೆ ಹೋಗಿತ್ತು, ಕೈ ನಡುಗುತ್ತಿರಲಿಲ್ಲ. ಗುಳಿಗೆ ನುಂಗಿಯಾಗಿತ್ತಾದ್ದರಿಂದ ರಕ್ತ ನಾಳೆಗೆ ಎಂದು, ಭೇದಿಗೆ ಪುಡಿ ಬರೆದರು. "ಗುಳಗಿ ಬರೋಬ್ಬರಿ ಕೊಡಾಕತ್ತೀರಿ ಹೌದಿಲ್ರಿ?" ಎಂದು ಕೇಳಿದರು. "ಹೌದ್ರಿ, ಬರೋಬ್ಬರಿ" ಎಂದೆ. ಕೈ ನಡುಗುವ ಮಾತು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಅದನ್ನು ಹೇಳಿದರೆ ಗೀಟಿನ ಮಾತೂ ಹೇಳಬೇಕಾಗುತ್ತಿತ್ತು. ಹೆಚ್ಚಿನದು ಹೇಗೂ ನಿಲ್ಲಿಸಿದ್ದೇವಲ್ಲ, ತಾನಾಗೇ ಸರಿಹೋಗುತ್ತದೆ ಎಂದುಕೊಂಡೆ.

ಮಂಗಳವಾರ ಮತ್ತೆ ಹೋದೆವು. ಗುಳಿಗೆ ಕೊಟ್ಟಿರಲಿಲ್ಲ. ರಕ್ತ ತೆಗೆದರು, ಕೂಸು ಅತ್ತು ಅತ್ತು ನೀಲಿಯಾಯಿತು. ಬುಧವಾರ ಮಧ್ಯಾಹ್ನ ಫೋನು ಬಂತು: ರಕ್ತವನ್ನು ಬೇರೆ ಬಾಟಲಿಗೆ ಹಾಕಿದ್ದರಂತೆ, ಅದು ಹೆಪ್ಪುಗಟ್ಟಿದೆ, ಬೆಳಗಾವಿಯ ಲ್ಯಾಬಿನವರು ತೆಗೆದುಕೊಳ್ಳಲಿಲ್ಲ, ಮತ್ತೊಮ್ಮೆ ಬರ್ರಿ. ಫೋನಿನಲ್ಲಿದ್ದ ಹುಡುಗಿ ಬಹಳ ಮೃದುವಾಗಿ ಹೇಳಿದಳು. ಅದಕ್ಕೇ ಬೈಯಲೂ ಆಗಲಿಲ್ಲ. ಎಮ್ಮೆಗೆ ಹುಲ್ಲು ಹಾಕುತ್ತ ಎಮ್ಮೆಗೇ ಒಂದಿಷ್ಟು ಬೈದೆ.

ಅಷ್ಟರಲ್ಲಿ ಹೆಚ್ಚಿನ ಗುಳಿಗೆ ನಿಲ್ಲಿಸಿ ನಾಲ್ಕು ದಿನವಾಗಿತ್ತು. ಕೈ ನಡುಗುವುದು ಮಾತ್ರ ನಿಂತಿರಲಿಲ್ಲ. ಬುಧವಾರ ಸಂಜೆಯಿಂದ ಮೊಮ್ಮಗಳು ತಲೆ ನೋವು ಎನ್ನತೊಡಗಿದಳು. ಇಡೀ ದಿನ ಎರಡೇ ಸಲ ಮೂತ್ರ ಮಾಡಿದ್ದಳು. ಸೊಸೆ ಗಾಬರಿಯಾಗಿ ತಂದೆಗೆ ಫೋನು ಮಾಡಿದಳು. "ನಾನೂ ನಾಳೆ ಗೋಕಾಕಕ್ಕ ಬರ್ತೀನಿ" ಎಂದರು ಅವರು.

ಹೀಗೆ ಗುರುವಾರ ಬಂತು. ಏಳು ಇಪ್ಪತ್ತಕ್ಕೆ ನಮ್ಮ ಬಸ್ಸು ಗೋಕಾಕ ನಿಲ್ದಾಣ ಹೊಕ್ಕಾಗ ಬೀಗರು ಹುಕ್ಕೇರಿಯ ಮೊದಲ ಬಸ್ಸಿಗೇ ಬಂದು ಕಲ್ಲು ಬೆಂಚಿನ ಮೇಲೆ ಕೂತಿದ್ದರು. ಕೂಸು "ಮುತ್ಯಾ" ಎಂದು ಅವರ ತೊಡೆ ಏರಿತು. ಬಸ್ಸಿನಲ್ಲಿ ಕೊಳೆಯಾದ ಬಟ್ಟೆ ಹಿಂಡಿಕೊಂಡು ಬರಲು ನಾನು ನಳದ ಹತ್ತಿರ ಹೋದೆ. ಸೊಸೆ ಚಹಾ ತರಲು ಹೋದಳು. ನಾನು ತಿರುಗಿ ನೋಡಿದಾಗ ಕೂಸು ಮುಖ ಮೇಲೆತ್ತಿ, ನಾಲಿಗೆ ಹೊರಗೆ ಚಾಚಿ, ಬಾಯಿ ತೆರೆದು ಕೂತಿದೆ. ಬೀಗರ ಎಡಗೈ ಅದರ ಗದ್ದದ ಕೆಳಗೆ. ಬಲಗೈಯಲ್ಲಿ ಬಿಳಿ ಕ್ಯಾಪ್ಸೂಲು.

ಓಡಿಹೋಗಿ ಅವರ ಮಣಿಕಟ್ಟು ಹಿಡಿದೆ. ಬೀಗರ ಕೈ ಹಿಡಿದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕ್ಯಾಪ್ಸೂಲು ಜಾರಿ ಬೆಂಚಿನ ಕೆಳಗೆ ಬಿತ್ತು.

"ಏನ್ರಿ ಬೀಗ್ತಿಯವರ" ಎಂದರು ಅವರು, ಅತ್ತಿತ್ತ ನೋಡಿ, "ನಡು ಬಸ್‌ ಸ್ಟ್ಯಾಂಡಿನ್ಯಾಗ ಕೈ ಹಿಡಿದರ ಮಂದಿ ಏನಂದಾರು?"

"ಮಂದಿ ಏನರ ಅನ್ನಲಿ. ಆ ಗುಳಗಿ ಎಲ್ಲಿಂದ ತಂದ್ರಿ?"

"ನಮ್ಮ ಮನ್ಯಾಗ ಎರಡು ಉಳದಿದ್ದುವು. ಏಳು ಹೊಡದು ಇಪ್ಪತ್ತು ಮಿನಿಟ ಆತು, ನೀವು ಇನ್ನೂ ಕೊಟ್ಟಿಲ್ಲ ಅಂತ ಕೂಸ ಹೇಳ್ತು. ಯಾರ ಹತ್ತಿರ ಇರ್ತಾರ ಅವರು ಕೊಡಬೇಕು, ಕೇಳಕೋತ ಕುಂಡ್ರಬಾರದು. ನಿಮ್ಮದ ಕಾನೂನು."

ಉಳಿದ ಇನ್ನೊಂದು ಗುಳಿಗೆಯನ್ನು ಅವರ ಅಂಗಿಯ ಕಿಸೆಯಿಂದ ತೆಗೆಸಿಕೊಂಡು ನನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಕೂಸು ಮಾತ್ರ ಬಾಯಿ ತೆರೆದೇ ಇತ್ತು. "ಬಾಯಿ ಮುಚ್ಚವಾ, ಇವತ್ತ ಇಲ್ಲ" ಎಂದರೂ ನಂಬದೆ ಇನ್ನೊಂದಿಷ್ಟು ಹೊತ್ತು ಕಾಯಿತು.

ದವಾಖಾನೆಯಲ್ಲಿ ರಕ್ತ ತೆಗೆಯುವ ಹುಡುಗಿಯ ಪಕ್ಕದಲ್ಲೇ ನಿಂತೆ. ಯಾವ ಬಾಟಲಿ ಎತ್ತುತ್ತಾಳೋ ನೋಡುತ್ತಿದ್ದೆ. ನೇರಳೆ ಮುಚ್ಚಳದ್ದು ಎಂದು ಬುಧವಾರವೇ ಕೇಳಿ ತಿಳಿದುಕೊಂಡಿದ್ದೆ. "ಇದ ಹೌದಲ್ಲವಾ?" "ಹೌದ್ರಿ ಆಯಿ, ಇದ. ಇವತ್ತ ತಪ್ಪಂಗಿಲ್ಲ." ಒಂದು ಸಲಕ್ಕೆ ನರ ಸಿಗಲಿಲ್ಲ, ಎರಡನೆಯ ಸಲ ಸಿಕ್ಕಿತು. ಬಾಟಲಿಯ ಮೇಲೆ ಹೆಸರಿನ ಚೀಟಿ ಅಂಟಿಸುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.

ಆಮೇಲೆ ಡಾಕ್ಟರ್ ಬಾಯಿಯವರ ಕೋಣೆ. ಅವರು ಕೂಸಿನ ಎರಡೂ ಕೈ ಮುಂದೆ ಚಾಚಿಸಿದರು. ಬೆರಳುಗಳು ನಡುಗಿದವು. ಅವರು ನನ್ನ ಮುಖ ನೋಡಿದರು.

"ಇದು ಯಾವಾಗಿನಿಂದ?"

ಸೊಸೆಯೂ ನನ್ನ ಮುಖ ನೋಡಿದಳು. ನಾನು ಚೀಲದಿಂದ ಆ ಹಾಳೆ ತೆಗೆದು ಮೇಜಿನ ಮೇಲಿಟ್ಟೆ.

"ಹೆಚ್ಚಿನ ಗೀಟೆಲ್ಲಾ ನಾ ಎಳದದ್ರಿ ಬಾಯಾರ" ಎಂದರು ಬೀಗರು. "ಜುಲಾಬಿನ್ಯಾಗ ಗುಳಗಿ ಹೋತು ಅಂತ ಮತ್ತ ಕೊಟ್ಟಿನಿ."

"ಕೊಡ್ರಿ ಅಂದಾಕಿ ನಾನು" ಎಂದೆ.

ಡಾಕ್ಟರು ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಗೀಟು ಎಣಿಸಿದರು. "ಸೋಮವಾರ ನಾ ಕೇಳಿದಾಗ ಬರೋಬ್ಬರಿ ಅಂದ್ರಿ. ಅವತ್ತ ಹೇಳಿದ್ದರ ಅವತ್ತ ಕಮ್ಮಿ ಮಾಡತಿದ್ದೆ. ಮೂರು ದಿನಾ ಹೋದುವು." ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೂ ಏನಾದರೂ ಅನ್ನಲು ಬರುತ್ತಿತ್ತು.

ಬೀಗರಿಗೆ ಇನ್ನೂ ತಿಳಿದಿರಲಿಲ್ಲ. "ಆದರ ಬಾಯಾರ, ಭಾನುವಾರದಿಂದ ಎರಡ ಕೊಟ್ಟಾರ. ಜುಲಾಬೂ ಐತಿ. ಹೊಟ್ಟ್ಯಾಗ ನಿಂದರೂದ ಕಮ್ಮಿ ಇದ್ದಾಗ ರಕ್ತದಾಗ ಹೆಂಗ ಹೆಚ್ಚಾಗತೈತಿ? ಇದು ನನ್ನ ತಲಿಗೆ ಹತ್ತವಲ್ದು."

ಡಾಕ್ಟರು ಕೈಗಡಿಯಾರ ನೋಡಿಕೊಂಡರು. ಹೊರಗೆ ಬೆಂಚು ತುಂಬಿತ್ತು. ಆದರೂ ಕುರ್ಚಿ ಮುಂದಕ್ಕೆಳೆದುಕೊಂಡರು.

"ಅಜ್ಜಾರ, ನೀವು ಕುರಿ ಸಾಕೂ ಮಂದಿ. ಮರಿ ಹುಟ್ಟಿದ ದಿನಾನ ಗಿಣ್ಣದ ಹಾಲು ಯಾಕ ಕುಡಸ್ತೀರಿ? ಎರಡ ದಿನಾ ಬಿಟ್ಟು ಕುಡಸ್ರಿ."

"ಆಮ್ಯಾಲ ಕುಡಿಸಿದರ ಮೈಗೆ ಹತ್ತಂಗಿಲ್ರಿ. ಮೊದಲನೇ ದಿನಾ ಕುಡಿದದ್ದಷ್ಟ ಮರೀನ ಕಾಯತೈತಿ."

"ಯಾಕ ಹತ್ತಂಗಿಲ್ಲ? ಅದ ಹಾಲು, ಅದ ಹೊಟ್ಟಿ."

ಬೀಗರು ಯೋಚಿಸಿದರು. "ಹೊಟ್ಟಿ ಮೊದಲಿನಂಗ ಇರಂಗಿಲ್ಲ ಅನಸ್ತೈತ್ರಿ. ಬಾಗಲಾ ಮುಚ್ಚಿದಂಗ ಆಗತೈತಿ."

"ಅಷ್ಟ ನೋಡ್ರಿ. ಮನುಷ್ಯಾರ ಕರಳೂ ವಯಸ್ಸಿನ ಕೂಡ ಬದಲಾಗತೈತಿ."

ಅವರು ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಬರೆಯುತ್ತೇನೆ. ನುಂಗಿದ ಗುಳಿಗೆಯೆಲ್ಲ ರಕ್ತಕ್ಕೆ ಹೋಗುವುದಿಲ್ಲವಂತೆ. ಕರುಳಿನ ಗೋಡೆಯಲ್ಲೇ ಈ ಔಷಧವನ್ನು ಅರೆದು ಮುಗಿಸುವ ರಸಗಳಿವೆ, ಒಳಬಂದದ್ದನ್ನು ಹೊರಕ್ಕೇ ತಳ್ಳುವ ಕಾವಲೂ ಇದೆ. ಹಸುಗೂಸಿನಲ್ಲಿ ಇವು ಎಳೆಯವು, ಬೆಳೆಯುತ್ತ ಬಲಿಯುತ್ತವೆ. ನಮ್ಮ ಕೂಸಿನ ವಯಸ್ಸಿಗೆ ಬರುವಾಗ ಕರುಳೂ ಪಿತ್ತಜನಕಾಂಗವೂ ಸೇರಿ ಈ ಗುಳಿಗೆಯನ್ನು ತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ಬೇಗ ಮುಗಿಸಿಬಿಡುತ್ತವೆ. ಅದಕ್ಕೇ ಪುಟ್ಟ ಜೀವಕ್ಕೆ ಅಷ್ಟು ದೊಡ್ಡ ಪಾಲು. ಹೆಚ್ಚಿನದು ದಾರಿಯಲ್ಲೇ ಹಾಳಾಗುತ್ತದೆ ಎಂದು ಗೊತ್ತಿದ್ದೇ ಬರೆದದ್ದು. ಭೇದಿ ಹತ್ತಿದಾಗ ಕರುಳಿನ ಒಳಪದರವೇ ಸವೆಯುತ್ತದೆ. ಅರೆಯುವ ರಸವೂ ಕಾವಲೂ ಆ ಪದರದಲ್ಲೇ ಇರುವುದು. ಅವು ಕಡಿಮೆಯಾದರೆ ದಾರಿಯಲ್ಲಿ ಹಾಳಾಗಬೇಕಾದ ಔಷಧವೂ ನೇರ ರಕ್ತಕ್ಕೆ ಇಳಿಯುತ್ತದೆ. ಇದು ಎಲ್ಲ ಗುಳಿಗೆಯ ಮಾತಲ್ಲ, ಇಂಥ ಕೆಲವು ಗುಳಿಗೆಗಳದು ಎಂದರು.

ನನಗೆ ಜರಡಿ ಕಣ್ಣಿಗೆ ಕಟ್ಟಿತು. ಹರಿದ ಜರಡಿಯಲ್ಲಿ ಹಿಟ್ಟು ಸಾಣಿಸಿದರೆ ಕೆಳಗೆ ಬೀಳುವುದು ಕಡಿಮೆಯಾಗುವುದಿಲ್ಲ, ಬೂಸಾವೂ ಸೇರಿ ಹೆಚ್ಚೇ ಬೀಳುತ್ತದೆ. ಇಪ್ಪತ್ತೆಂಟು ವರ್ಷ ಹಿಟ್ಟು ಸಾಣಿಸಿದವಳಿಗೆ ಇಷ್ಟು ಹೊಳೆಯಬೇಕಿತ್ತು ಎನ್ನಿಸಿತು. ಮರುಗಳಿಗೆಗೆ ಯಾಕೆ ಹೊಳೆಯಬೇಕಿತ್ತು ಎಂದು ಸಿಟ್ಟೂ ಬಂತು. ಗುಳಿಗೆ ಶುರುಮಾಡಿದ ದಿನ ತಪ್ಪಿಸಬೇಡಿ ಎಂದಿದ್ದರು, ಊಟದ ಜೊತೆ ಬೇಡ ಎಂದಿದ್ದರು. ಭೇದಿಯಾದರೆ ಫೋನು ಮಾಡಿ ಎಂದು ಯಾರೂ ಹೇಳಿರಲಿಲ್ಲ. ಡಬ್ಬಿಯೊಳಗೆ ಎಂಟು ಮಡಿಕೆಯ ಕಾಗದ ಇರುತ್ತದೆ, ಇರುವೆಯಂಥ ಅಕ್ಷರ, ಅದೂ ಇಂಗ್ಲಿಷು. ಅದರಲ್ಲಿ ಬರೆದಿರಬಹುದು. ನಾನು ಅದನ್ನು ಕಪಾಟಿನಲ್ಲಿ ಎಣ್ಣೆಡಬ್ಬಿಯ ಕೆಳಗೆ ಹಾಸುತ್ತಿದ್ದೆ.

"ಇದನ್ನ ಮೊದಲ ಹೇಳಬೇಕಾಗಿತ್ತಲ್ರಿ ಬಾಯಾರ" ಎಂದೆ. ಹೇಳಬಾರದು ಅಂದುಕೊಂಡಿದ್ದೆ, ಬಾಯಿಂದ ಬಂದುಬಿಟ್ಟಿತು.

ಅವರು ಹಾಳೆಯನ್ನು ಮಡಿಸಿ ನನ್ನ ಕಡೆ ಸರಿಸಿದರು. ಆಮೇಲೆ, "ಹೌದು, ಹೇಳಬೇಕಾಗಿತ್ತು" ಎಂದರು. "ಯಾವ ಕೂಸಿಗೆ ಎಷ್ಟು ಹೆಚ್ಚಾಗತೈತಿ ಅನ್ನೂದು ನನಗೂ ಹೇಳಾಕ ಬರಂಗಿಲ್ಲ. ಪುಸ್ತಕದಾಗ ಇರೂದು ಬಹಳಷ್ಟು ದೊಡ್ಡವರ ಲೆಕ್ಕ. ಸಣ್ಣ ಮಕ್ಕಳ ಕರಳು ತಗದು ನೋಡಿದವರು ಕಮ್ಮಿ. ಅದಕ್ಕ ರಕ್ತ ನೋಡೂದೊಂದ ದಾರಿ."

ಬೆಳಗಿನ ಗುಳಿಗೆ ಕೊಡಬೇಡಿ, ವರದಿ ಬಂದ ಮೇಲೆ ಫೋನು ಮಾಡುತ್ತೇನೆ, ನಾಳೆ ಮತ್ತೆ ರಕ್ತ ಬೇಕಾಗಬಹುದು, ಈ ನಡುವೆ ಮೂತ್ರ ನಿಂತರೆ ಹೊತ್ತು ನೋಡದೆ ಬರ್ರಿ ಎಂದರು. ಬಾಟಲಿ ಬೆಳಗಾವಿಯ ಗಾಡಿಯಲ್ಲಿ ಹೋಯಿತು.

ಬೀಗರು ಊರಿಗೆ ಹೋಗಲಿಲ್ಲ. "ನಾಳಿನ ಬಸ್ಸಿಗೂ ನಾ ಬರಾಂವ" ಎಂದು ನಮ್ಮ ಜೊತೆ ಮೂಡಲಗಿಗೇ ಬಂದರು. ಮಧ್ಯಾಹ್ನವಿಡೀ ಪಡಸಾಲೆಯಲ್ಲಿ ಕೂತು ಕೂಸಿಗೆ ಚಮಚದಿಂದ ಪುಡಿಯ ನೀರು ಕುಡಿಸಿದರು. ನಾನು ಪ್ರತಿ ಸಲ ಮೂತ್ರಕ್ಕೆ ಎತ್ತಿಕೊಂಡು ಹೋಗಿ ಎಷ್ಟಾಯಿತು ನೋಡಿ ಬರುತ್ತಿದ್ದೆ. ಮೂರು ಗಂಟೆಗೆ ಒಮ್ಮೆ ಆಯಿತು. ಐದಕ್ಕೆ ಇನ್ನೊಮ್ಮೆ, ಸ್ವಲ್ಪ. ಭೇದಿ ಒಂದೇ ಸಲ. ಆದರೂ ಮನಸ್ಸು ಫೋನಿನ ಕಡೆಗೇ ಇತ್ತು. ಎಮ್ಮೆ ಹಿಂಡುವಾಗಲೂ ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡಿದ್ದೆ.

ಆರೂಕಾಲಿಗೆ ಡಾಕ್ಟರ ಫೋನು ಬಂತು. ರಕ್ತದಲ್ಲಿ ಔಷಧದ ಪ್ರಮಾಣ ಬಹಳ ಏರಿದೆ, ಇರಬೇಕಾದ್ದಕ್ಕಿಂತ ಎಷ್ಟೋ ಮೇಲೆ. ಮೂತ್ರಪಿಂಡದ ಪರೀಕ್ಷೆಯಲ್ಲಿ ತುಸು ಏರಿಕೆ ಕಂಡಿದೆ, ಆದರೆ ಕೈ ಮೀರಿಲ್ಲ, ಗುಳಿಗೆ ನಿಲ್ಲಿಸಿದರೆ ಇಳಿಯುವ ಸಂಭವವಿದೆ. ಇವತ್ತು ಸಂಜೆ ಬೇಡ, ನಾಳೆ ಬೆಳಿಗ್ಗೆಯೂ ಬೇಡ. ನಾಳೆ ರಕ್ತ ನೋಡಿ ಎಷ್ಟು ಕೊಡಬೇಕು ಹೇಳುತ್ತೇನೆ. "ತಿಳೀತಿಲ್ರಿ? ಏನೂ ಕೊಡಬ್ಯಾಡ್ರಿ" ಎಂದು ಎರಡು ಸಲ ಹೇಳಿ, ನನ್ನಿಂದಲೂ ಒಮ್ಮೆ ಹೇಳಿಸಿದರು.

ಕೊಡದೆ ಇರುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಅಲಾರಂ ಬಂದ್ ಇತ್ತು. ಆದರೂ ಏಳಕ್ಕೆ ಐದು ನಿಮಿಷ ಇರುವಾಗ ಸೊಸೆ ಹೊಲಿಗೆ ಯಂತ್ರ ಬಿಟ್ಟು ಎದ್ದು ನಿಂತಳು. ಎದ್ದದ್ದು ಯಾಕೆಂದು ನೆನಪಾಗಿ ಮತ್ತೆ ಕೂತಳು. ಬೀಗರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಸಂಕೇಶ್ವರದಿಂದ ಮಗ ಫೋನು ಮಾಡಿ, "ಕೊಟ್ಟೀರೇನವಾ?" ಎಂದ. ವಿಷಯ ಹೇಳಿದರೂ, "ಒಂದರ ಕೊಡಬೇಕಿತ್ತೇನೋ. ಪೂರಾ ಬಿಟ್ಟರ ಬಾವು ಬಂದೀತು" ಎಂದ.

"ಬಂದರ ಬರಲಿ, ಮತ್ತ ಇಳಿಸೋಣು. ಡಾಕ್ಟರ್ ಬ್ಯಾಡ ಅಂದಾರ. ನೀನೊಬ್ಬ ಉಳದಿದ್ದಿ ನೋಡು ಶ್ಯಾಣ್ಯಾ" ಎಂದು ಫೋನು ಇಟ್ಟೆ.

ನನಗೂ ಒಳಗೆ ಅದೇ ಅಂಜಿಕೆಯಿತ್ತು. ವರ್ಷವಿಡೀ ತಪ್ಪಬಾರದು ತಪ್ಪಬಾರದು ಎಂದು ಎಲ್ಲರ ಮೈಯಲ್ಲಿ ಹೊಗಿಸಿದ್ದನ್ನು ಒಂದು ಸಂಜೆಯಲ್ಲಿ ತೆಗೆಯುವುದು ಹೇಗೆ? ಕೂಸು ಬಂದು ನನ್ನ ಮುಂದೆ ಬಾಯಿ ತೆರೆದು ನಿಂತಿತು. ಒಂದು ಚಮಚ ಪುಡಿಯ ನೀರು ಹಾಕಿದೆ. ಅದು ಚಪ್ಪರಿಸಿ, ಇದಲ್ಲ ಎನ್ನುವ ಹಾಗೆ ತಲೆಯಾಡಿಸಿತು. ಏಳೂವರೆ ದಾಟಿದ ಮೇಲೆ ಎಲ್ಲರೂ ಸ್ವಲ್ಪ ಸಡಿಲಾದೆವು.

"ಬೀಗರ" ಎಂದೆ, "ನಿಮ್ಮ ಮರಿಗೆ ಇನ್ನ ಮುಂದ ಹೆಂಗ ಮಾಡವರು?"

"ದನದ ಡಾಕ್ಟರನ್ನ ಕೇಳವನು" ಎಂದರು. "ನಿಮ್ಮನ್ನಂತೂ ಕೇಳಂಗಿಲ್ಲ ಬಿಡ್ರಿ."

ರಾತ್ರಿಯ ಊಟಕ್ಕೆ ಬೆಳಗಿನ ರೊಟ್ಟಿ ಉಳಿದಿದ್ದವು. ಮನೆಯವರಿಗೂ ಬೀಗರಿಗೂ ಬಿಸಿಯಾಗಿ ಇನ್ನು ನಾಲ್ಕು ಬಡಿದೆ. ಮೆಂತೆಪಲ್ಲೆ, ಶೇಂಗಾ ಹಿಂಡಿ, ಮೊಸರು. ಕೂಸು ಮೆತ್ತಗೆ ಕಿವುಚಿದ ಅನ್ನ ಮಜ್ಜಿಗೆ ಆರೇಳು ತುತ್ತು ತಿಂದಿತು. ಕೈ ಇನ್ನೂ ನಡುಗುತ್ತಿದ್ದುದರಿಂದ ಸೊಸೆಯೇ ತಿನ್ನಿಸಿದಳು. ತಿನ್ನಿಸಿ ಅದರ ಪಕ್ಕದಲ್ಲಿ ಒರಗಿದವಳು ಹಾಗೆಯೇ ನಿದ್ದೆ ಹೋದಳು, ಎಲ್ಲರಿಗಿಂತ ಮೊದಲು. ತಾನು ಉಂಡಿರಲಿಲ್ಲ. ಕೂಸು ಎಚ್ಚರವಾಗಿಯೇ ಅವಳ ಬಳೆ ತಿರುಗಿಸುತ್ತ ಮಲಗಿತ್ತು. ಸೊಸೆಯ ಪಾಲಿನ ಎರಡು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಪಾತ್ರೆ ನಾನೇ ತಿಕ್ಕಿದೆ.